ಕೂತು ನೋಡಿ ಆಮೇಲೆ ನಗು

ಬುಧವಾರ, ಮಧ್ಯಾಹ್ನ
ಅಂಗಡಿಯಿಂದ

ನನ್ನ ಬಟನ್‌ಗೆ ಅಜ್ಜಿ ಮಾಡುವ ಆಶೀರ್ವಾದಗಳು.

ಕಾಗದ ಬಂತೆಂದು ಗಾಬರಿಯಾಗಬೇಡ. ಗುಂಡುಕಲ್ಲಿನ ಹಾಗಿದ್ದೇನೆ. ಫೋನಿನಲ್ಲಿ ಹೇಳಲು ಹೋದರೆ ಎರಡನೇ ಮಾತಿಗೇ ನನಗೆ ರೇಗುತ್ತದೆ, ಮೂರನೇ ಮಾತಿಗೆ ನೀನು "ಆಮೇಲೆ ಮಾಡ್ತೀನಜ್ಜಿ" ಎಂದು ಇಟ್ಟುಬಿಡುತ್ತೀಯ. ಕಾಗದಕ್ಕೆ ನಡುವೆ ಬಾಯಿ ಹಾಕಲು ಬರುವುದಿಲ್ಲ. ಆರನೇ ಕ್ಲಾಸಿಗೇ ಶಾಲೆ ಬಿಟ್ಟವಳ ಅಕ್ಷರ ಇದು. ಓದಲು ಕಷ್ಟವಾದರೆ ಕಷ್ಟಪಡು.

ವಿಷಯ ಇಷ್ಟೇ. ಹೋದ ಶುಕ್ರವಾರ ನೀನೂ ನಿನ್ನ ಕನ್ನಡಕದ ಗೆಳತಿಯೂ ನಿಮ್ಮ ವಿಡಿಯೊದಲ್ಲಿ 'ಹಳೇ ಸ್ಪ್ರಿಂಗ್' ಎಂಬ ಹೆಸರಿನವರ ಕಥೆ ಓದಿ ಚಿಂದಿ ಉಡಾಯಿಸಿದಿರಲ್ಲ, ಆ ಹಳೇ ಸ್ಪ್ರಿಂಗ್ ನಾನೇ.

ಈಗ ನೀರು ಕುಡಿದು ಬಾ. ನಾನು ಕಾಯುತ್ತೇನೆ.

ಬಂದೆಯಾ? ಕೇಳು. ನೀನು ಶಾಲೆಗೆ ಹೋಗುತ್ತಿದ್ದಾಗ ನಾವಿಬ್ಬರೂ ಒಂದೇ ಕಂಬಳಿಯೊಳಗೆ ಕಾಲು ತೂರಿಸಿಕೊಂಡು ಆ ಹಡಗಿನ ಧಾರಾವಾಹಿ ನೋಡುತ್ತಿದ್ದೆವು. ಕೊನೆಯ ಕಂತಿನಲ್ಲಿ ಕ್ಯಾಪ್ಟನ್‌ನನ್ನು ನೀರಿಗೆ ಬಿಟ್ಟು ಕೈತೊಳೆದುಕೊಂಡರು ಪಾಪಿಗಳು. ಅವನನ್ನು ಮೇಲೆತ್ತಿ, ಅಭಿಮಾನಿಗಳು ತಮ್ಮ ಮನಸ್ಸಿಗೆ ಬಂದ ಹಾಗೆ ಕಥೆ ಮುಂದುವರಿಸುವ ಜಾಗ ಒಂದಿದೆ ಎಂದು ನನ್ನ ಫೋನಿನಲ್ಲಿ ತೋರಿಸಿಕೊಟ್ಟವಳು ನೀನು. ನೀನು ಅದನ್ನು ಬಿಟ್ಟೆ, ನಾನು ಹಿಡಿದುಕೊಂಡೆ. ಒಂದೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ ಎರಡು ವರ್ಷದಿಂದ ಬರೆಯುತ್ತಿದ್ದೇನೆ. ಯಾಕೆ ಶುರು ಮಾಡಿದೆ ಎನ್ನುವುದು ನನಗೆ ಬಿಟ್ಟದ್ದು. ನಿಮ್ಮಮ್ಮನಿಗೂ ಹೇಳಿಲ್ಲ. ನಾನು ಫೋನು ಹಿಡಿದು ಕೂತರೆ ಅಡುಗೆ ವಿಡಿಯೊ ನೋಡುತ್ತಿದ್ದೇನೆ ಎಂದುಕೊಂಡಿದ್ದಾಳೆ. ನನ್ನ ಅಡುಗೆ ತಿಂದಮೇಲೂ ಹಾಗೆ ಹೇಗೆ ನಂಬಿದ್ದಾಳೋ!

ನಿನ್ನ ವಿಡಿಯೊ ನನಗೆ ತೋರಿಸಿದವನು ನಮ್ಮ ಅಂಗಡಿಯ ಮೊಳೆಯಣ್ಣ. ಅವನು ಮೊಳೆಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ಸೋಫಾಕ್ಕೆ ಬಟ್ಟೆ ಎಳೆಯುವವನಲ್ಲವೇ? ಶನಿವಾರ ಆ ಭೂಪ ಬಾಯಿ ತುಂಬ ಮೊಳೆ ಇಟ್ಟುಕೊಂಡು ನಕ್ಕು, ಅರ್ಧ ಉಗುಳಿ, ಇನ್ನರ್ಧ ನುಂಗಿದನೇನೋ ಎಂದು ನಾನು ಬೆನ್ನಿಗೆ ಗುದ್ದಬೇಕಾಯಿತು. "ನೋಡಕ್ಕ, ನಮ್ಮ ಬಟನ್ನು ಯಾವನನ್ನೋ ಹೆಂಗೆ ಹಿಂಡಿ ಹಾಕವ್ಳೆ" ಎಂದ. ಆ ಯಾವನೋ ಅವನ ಪಕ್ಕದಲ್ಲೇ ನಾರು ಬಿಡಿಸುತ್ತ ಕೂತಿದ್ದಳು.

ನಾನೂ ನಕ್ಕೆ. ಸುಳ್ಳು ಯಾಕೆ ಹೇಳಲಿ? "ಅಲೆಗಳು ಕೆಟ್ಟ ಸ್ಪ್ರಿಂಗಿನ ಹಾಗೆ ಕಿರುಗುಟ್ಟುತ್ತಿದ್ದವು" ಎನ್ನುವ ನನ್ನ ಸಾಲನ್ನು ನೀನು ಆ ಗೊಗ್ಗರು ದನಿಯಲ್ಲಿ ಓದಿದಾಗ ನನ್ನ ಕಣ್ಣಲ್ಲಿ ನೀರು ಬಂತು. ನಾನು ಹುಟ್ಟಿದಮೇಲೆ ಸಮುದ್ರ ನೋಡಿಲ್ಲ, ಮತ್ತಿನ್ನೇನು ಬರೆಯಲಿ? "ಕ್ಯಾಪ್ಟನ್ನು ಅಧ್ಯಾಯಗಟ್ಟಲೆ ಒಂದೇ ಕುರ್ಚಿಯಲ್ಲಿ ಕೂತಿದಾನೆ, ಯಾರಾದ್ರೂ ಅವನಿಗೊಂದು ಎದ್ದೇಳೋ ಮಾತ್ರೆ ಕೊಡ್ರಪ್ಪಾ" ಎಂದೆಯಲ್ಲ, ಅದೂ ಚೆನ್ನಾಗಿತ್ತು. ಕುರ್ಚಿ ಬಿಟ್ಟರೆ ನನಗೆ ಬೇರೇನೂ ಬರೆಯಲು ಬರುವುದಿಲ್ಲ. ಅದು ನಿಜ, ನಿಜಕ್ಕೆ ನಗು ಬಂದರೆ ನಗಬೇಕು.

ಆಮೇಲೆ ನಿನ್ನ ಕನ್ನಡಕದವಳು, "ಇಷ್ಟುದ್ದ ಬರೆದಿದಾರೆ ಅಂದ್ರೆ ಪಾಪ ಇವರ ಜೊತೆ ಮಾತಾಡೋಕೆ ಮನೇಲಿ ಯಾರೂ ಇಲ್ಲ ಅನ್ಸುತ್ತೆ ಕಣೇ" ಎಂದಳು. ನೀನು ಹಲ್ಲು ಕಿರಿದೆ. ಅಲ್ಲಿಗೆ ನನ್ನ ನಗು ನಿಂತಿತು. ಅದಾದ ಮೇಲೆ ನನ್ನ ಹೆಸರನ್ನು ಇಷ್ಟು ದೊಡ್ಡ ಅಕ್ಷರದಲ್ಲಿ ತೋರಿಸಿ, "ಹೋಗಿ ಒಂದು ನಮಸ್ಕಾರ ಹಾಕ್ಬನ್ನಿ ಎಲ್ರೂ" ಎಂದು ನೋಡುಗರನ್ನು ಛೂ ಬಿಟ್ಟೆ. ಬಂದರು ತಾಯಿ, ದಂಡಿಯಾಗಿ ಬಂದರು. ಅವರು ಹಾಕಿದ ನಮಸ್ಕಾರಗಳನ್ನು ಇಲ್ಲಿ ಬರೆದರೆ ಕಾಗದ ನಾರುತ್ತದೆ. ಒಬ್ಬ ನನಗೆ ಸಾಯಲು ಹೇಳಿದ್ದಾನೆ. ಈ ವಯಸ್ಸಿನಲ್ಲಿ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ನನಗೇ ಬರುತ್ತದೆ.

ನನ್ನ ಚರ್ಮ ಸೀಟಿನ ಚರ್ಮಕ್ಕಿಂತ ದಪ್ಪ, ಬಿಡು. ಆದರೆ ಅಲ್ಲಿ 'ಮೀನುಮರಿ' ಎನ್ನುವವಳು ಒಬ್ಬಳಿದ್ದಳು. ಕ್ಯಾಪ್ಟನ್‌ಗೆ ವಾರವಾರವೂ ಮದುವೆ ಮಾಡಿಸುತ್ತಿದ್ದಳು. ದಡ್ಡ ಕಥೆಗಳು. ಆದರೂ ನಾನು ಬರೆದದ್ದನ್ನು ಓದಿ "ಸೂಪರ್ ಆಂಟಿ, ಮುಂದೇನಾಯ್ತು?" ಎಂದು ಕೇಳುತ್ತಿದ್ದವಳು ಅವಳೊಬ್ಬಳೇ. ಹಿಂದಿನ ತಿಂಗಳು ನೀವು ವಿಡಿಯೊದಲ್ಲಿ ಅವಳನ್ನು ಹಿಡಿದಿರಿ. ಮಾರನೆಯ ದಿನವೇ ಎಲ್ಲ ಕಥೆಗಳನ್ನೂ ಅಳಿಸಿ ಎದ್ದು ಹೋದಳು. ಹದಿನಾಲ್ಕಾಗಿತ್ತೋ ಹದಿನೈದೋ. ನೀನು ವಯಸ್ಸು ಕೇಳಿದ್ದೆಯಾ? ಕೇಳಿರುವುದಿಲ್ಲ.

ನೀನು ಬೆಳೆದದ್ದು ಎಲ್ಲಿ ಎನ್ನುವುದು ನೆನಪಿದೆಯೇ? ಈ ಸೋಫಾ ರಿಪೇರಿ ಅಂಗಡಿಯಲ್ಲಿ, ಕತ್ತರಿಸುವ ಮೇಜಿನ ಕೆಳಗೆ. ಮನೆಯಲ್ಲೇ ತಾವೇ ಸರಿಮಾಡಿಕೊಳ್ಳಲು ಹೋಗಿ ಹದಗೆಡಿಸಿದ ಕುರ್ಚಿಗಳು ನಮ್ಮಲ್ಲಿಗೆ ಬರುತ್ತವೆ. ಆ ಬಸ್ ಡ್ರೈವರ್ ತಂದ ಕುರ್ಚಿ ನೆನಪಿಸಿಕೋ. ಒಳಗೆ ಹಳೇ ರೇನ್‌ಕೋಟು, ಮಗುವಿನ ದಿಂಬು, ಅರ್ಧ ಚಾಪೆ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಆದರೆ ಯಾವಾಗ ನಕ್ಕೆವು? ನಮ್ಮಪ್ಪ ಹಾಕಿಕೊಟ್ಟ ಪದ್ಧತಿ ಇಂದಿಗೂ ನಡೆಯುತ್ತಿದೆ. ಕುರ್ಚಿ ಬಂದರೆ ಮೊದಲು ಅದರ ಮೇಲೆ ಕೂತು ನೋಡಬೇಕು. ಕೂರದೆ ನಗಬಾರದು. ಬಿಚ್ಚುವ ಮೊದಲು ಕುರ್ಚಿಯ ಕಾಲಿಗೆ ಕಟ್ಟಿದ ಹೆಸರಿನ ಚೀಟಿ ಕಿತ್ತು ಡಬ್ಬಿಗೆ ಹಾಕಿ, ಬೀದಿಯ ಕಡೆಯ ಪರದೆ ಎಳೆಯಬೇಕು. ಅಷ್ಟಾದ ಮೇಲೆ ಹೊಲಿಗೆಯನ್ನು ಎಷ್ಟು ಬೇಕಾದರೂ ಬೈದುಕೋ, ಹೊಟ್ಟೆ ಹಿಡಿದು ನಗು. ಕುರ್ಚಿಯ ಯಜಮಾನನ ಮನೆಯಲ್ಲಿ ಯಾರಿದ್ದಾರೆ, ಯಾರಿಲ್ಲ ಎನ್ನುವುದು ನಮಗೆ ಸಂಬಂಧವಿಲ್ಲ. ಚೀಟಿ ಕೀಳುವ ಕೆಲಸ ನಿನ್ನದೇ ಆಗಿತ್ತಲ್ಲೇ! ಬೇರೆ ಯಾರಾದರೂ ಮುಟ್ಟಿದರೆ ಕಚ್ಚಲು ಬರುತ್ತಿದ್ದೆ.

ಈಗ ನೀನು ಚೀಟಿಯನ್ನು ಕುರ್ಚಿಯ ಹಣೆಗೆ ಅಂಟಿಸಿ, ಬೀದಿಯಲ್ಲಿ ನಿಲ್ಲಿಸಿ, ಹೋಗುವವರನ್ನು ಕರೆದು ಒದೆಸುತ್ತಿದ್ದೀಯ. ಕೂತು ನೋಡಿದೆಯಾ ಅಂದರೆ ಅದೂ ಇಲ್ಲ. ಮೂರನೇ ಅಧ್ಯಾಯದಿಂದ ಓದಲು ಶುರು ಮಾಡಿದೆ. "ಹಿಂದಿಂದೆಲ್ಲ ಯಾರು ಓದ್ತಾರಪ್ಪಾ" ಎಂದು ನೀನೇ ಅಂದದ್ದನ್ನು ಈ ಕಿವಿಯಾರೆ ಕೇಳಿದೆ.

"ಎಲ್ಲರೂ ನೋಡೋ ಜಾಗದಲ್ಲಿ ಹಾಕಿದ ಮೇಲೆ ಅನ್ನಿಸಿಕೊಳ್ಳೋಕೆ ತಯಾರಿರಬೇಕು" ಎಂದು ವಾದ ಮಾಡುತ್ತೀಯ, ಗೊತ್ತು. ತಯಾರಿದ್ದೇನೆ. ಕಥೆಗೆ ಏನು ಬೇಕಾದರೂ ಅನ್ನು. ನಿಮ್ಮಮ್ಮನಿಗೆ ಹೇಳಿ ನಿನ್ನ ಬಾಯಿ ಮುಚ್ಚಿಸುವವಳು ನಾನಲ್ಲ. ಆ ವಿಡಿಯೊ ಅಳಿಸು ಎಂದೂ ಕೇಳುವುದಿಲ್ಲ. ಅಳಿಸಿ ಅತ್ತುಗಿತ್ತು ಮಾಡಿದರೆ ಇನ್ನೂ ಬೈಯುತ್ತೇನೆ.

ನಾನು ತೀರ್ಮಾನ ಮಾಡಿರುವುದು ಹೀಗೆ. ಕೊನೆಯ ಅಧ್ಯಾಯ ಒಂದು ಬಾಕಿ ಇದೆ. ಶನಿವಾರದಿಂದ ಬೆರಳು ಮುಂದೆ ಹೋಗುತ್ತಿರಲಿಲ್ಲ. ಫೋನು ತೆಗೆದರೆ ಆ ನಮಸ್ಕಾರಗಳೇ ಕಾಣುತ್ತಿದ್ದವು. ಸೋಮವಾರ ಒಂದು ಗಳಿಗೆ ಎಲ್ಲ ಅಳಿಸಿಬಿಡೋಣ ಎಂದು ಗುಂಡಿಯ ಮೇಲೆ ಬೆರಳೂ ಇಟ್ಟೆ. ಆಮೇಲೆ ನನ್ನ ಮೇಲೆ ನನಗೇ ಸಿಟ್ಟು ನೆತ್ತಿಗೇರಿತು. ಅರ್ಧ ಬಿಚ್ಚಿದ ಕುರ್ಚಿಯನ್ನು ನಾನು ಜೀವಮಾನದಲ್ಲಿ ವಾಪಸು ಕಳಿಸಿದವಳಲ್ಲ. ಬರೆಯಲು ಕೂತಿದ್ದೇನೆ. ಭಾನುವಾರ ಬೆಳಿಗ್ಗೆ ಹಾಕುತ್ತೇನೆ, ಇದೇ ಹೆಸರಿನಲ್ಲಿ, ಯಾರು ಏನೇ ಬೊಗಳಲಿ. ಕ್ಯಾಪ್ಟನ್ನು ಎದ್ದು ನಿಲ್ಲುತ್ತಾನೆ.

ನೀನು ಅದನ್ನು ನಿನ್ನ ವಿಡಿಯೊದಲ್ಲಿ ಓದಬೇಕು. ಮೊದಲನೇ ಅಧ್ಯಾಯದ ಮೊದಲನೇ ಸಾಲಿನಿಂದ ಪೂರ್ತಿ ಓದಿಕೊಂಡು ಆಮೇಲೆ ಓದಬೇಕು. ನಗು ಬಂದ ಕಡೆ ನಗು, ನನ್ನ ಮುಲಾಜು ಬೇಡ. ಹೊಗಳಿದರೆ ನನಗೆ ಗೊತ್ತಾಗುತ್ತದೆ. ಸುಳ್ಳು ಹೇಳುವಾಗ ನೀನು ಕಿವಿ ತುರಿಸಿಕೊಳ್ಳುತ್ತೀಯ. ಇನ್ನು ಮುಂದೆ ಯಾರ ಕಥೆ ಹಿಡಿದರೂ ಚೀಟಿ ಡಬ್ಬಿಯಲ್ಲಿರಲಿ. ಆ ಮೀನುಮರಿಯನ್ನು ಹುಡುಕಿ ಎರಡು ಒಳ್ಳೆಯ ಮಾತು ಬರೆ. ನಾಲ್ಕು ಜನರ ಮುಂದೆ ಬೇಡ, ಅವಳಿಗೆ ಮಾತ್ರ. ಅವಳು ವಾಪಸು ಬರದಿದ್ದರೆ, ಮುಂದೇನಾಯಿತು ಎಂದು ನನ್ನನ್ನು ಯಾರು ಕೇಳುತ್ತಾರೆ?

ನಿನ್ನ ಕನ್ನಡಕದವಳಿಗೂ ಹೇಳು: ನನ್ನ ಮನೆಯಲ್ಲಿ ಮಾತಾಡಲು ಜನ ಇದ್ದಾರೆ. ಒಬ್ಬಳು ಮಾತ್ರ ಊರು ಬಿಟ್ಟು ಹೋಗಿ ವಿಡಿಯೊದಲ್ಲಿ ಮಾತಾಡುತ್ತಾಳೆ, ಅಷ್ಟೇ. ಹೊಟ್ಟೆಗೆ ಸರಿಯಾಗಿ ತಿನ್ನು, ಬಡಕಲಾಗಿ ಕಾಣುತ್ತೀಯ.

ನಿನ್ನ ಅಜ್ಜಿ,
ಹಳೇ ಸ್ಪ್ರಿಂಗ್

ಮರೆತ ಮಾತು: ಮೊದಲನೇ ಅಧ್ಯಾಯದ ಮೊದಲ ನಾಲ್ಕು ಸಾಲು ನನ್ನವಲ್ಲ. ನೀನು ಏಳನೇ ಕ್ಲಾಸಿನಲ್ಲಿದ್ದಾಗ ಮೇಜಿನ ಕೆಳಗೆ ಕೂತು ಬರೆದು, ನನಗೆ ಓದಿ ಹೇಳಿದ್ದವು: ಮುಳುಗಿದ ಕ್ಯಾಪ್ಟನ್ನು ದಡಕ್ಕೆ ಬಂದು, ಇಸ್ತ್ರಿಪೆಟ್ಟಿಗೆಯ ಸುಟ್ಟ ಗುರುತಿರುವ ಹಸಿರು ಕುರ್ಚಿಯಲ್ಲಿ ಕೂತುಕೊಳ್ಳುತ್ತಾನೆ. ಮಾರನೆಯ ದಿನ ಕ್ಲಾಸಿನ ಹುಡುಗಿಯರು ಅದನ್ನು ನಿನ್ನ ಕೈಯಿಂದ ಕಿತ್ತು, ಗೊಗ್ಗರು ದನಿ ಮಾಡಿ ಎಲ್ಲರೆದುರು ಓದಿದರು. ನೀನು ಅಳುತ್ತ ಬಂದು "ಇದನ್ನ ಯಾವ್ದಾದ್ರೂ ಸೋಫಾದೊಳಗೆ ತುರುಕಿ ಹೊಲಿದುಬಿಡಜ್ಜಿ" ಎಂದೆ. ಹೊಲಿದೆ. ಹಲ್ಲಿನ ಡಾಕ್ಟರ ಸೋಫಾದಲ್ಲಿದೆ, ಹಲ್ಲುನೋವಿನವರೆಲ್ಲ ಅದರ ಮೇಲೆ ಕೂತು ಎದ್ದು ಹೋಗುತ್ತಾರೆ. ಕ್ಯಾಪ್ಟನ್‌ನನ್ನು ಆ ಹಸಿರು ಕುರ್ಚಿಯಲ್ಲಿ ಕೂರಿಸಿ ಹೋದವಳು ನೀನು. ಆಮೇಲೆ ಕಥೆಯ ಸುದ್ದಿಯನ್ನೇ ಎತ್ತಲಿಲ್ಲ. ಯಾರಾದರೂ ಎಬ್ಬಿಸಬೇಕಲ್ಲ, ಅದಕ್ಕೆ ನಾನು ಶುರು ಮಾಡಿದೆ.