ಪಕ್ಕದ ಸೀಟು ಇರುವ ಗಾಡಿ

ಗದಗ ನಿಲುಗಡೆ
ಇಸವಿ 2186, ಹೊರವಾರದ ಮಧ್ಯಾಹ್ನ

ನಮಗಿಂತ ಬಹಳ ಹಿಂದಿನ ಕಾಲದಲ್ಲಿ ನಿಮ್ಮ ಮೊದಲ ಹಳೆಕಾರು ಹುಡುಕುತ್ತಿರುವ ಗೆಳೆಯರೇ,

ಹೊರವಾರ ಎಂಬ ದಿನ ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲ. ನಮ್ಮ ವಾರಕ್ಕೆ ಎಂಟು ದಿನ. ಎಂಟನೆಯ ದಿನ ನಮ್ಮ ಓಡಾಟದ ಸಾಲನ್ನು ನಿಲ್ಲಿಸಿ ತೊಳೆಯುತ್ತಾರೆ. ಆ ದಿನ ಯಾವ ಲೆಕ್ಕಕ್ಕೂ ಸೇರುವುದಿಲ್ಲವಾದ್ದರಿಂದ ಹೊರವಾರ ಎಂದು ಹೆಸರು. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಶಾಲೆಯಲ್ಲಿ ಕಲಿತದ್ದಲ್ಲ. ರಸ್ತೆಗಳನ್ನು ಮುಚ್ಚಬೇಡಿ ಎಂದು ಹಿಂದೆ ಯಾರೋ ಅಚ್ಚು ಹಾಕಿಸಿ ಹಂಚಿದ ಕಿರುಹೊತ್ತಿಗೆಗಳು ಹಳೆಯ ಛತ್ರವೊಂದರ ಅಟ್ಟದಲ್ಲಿ ಸಿಕ್ಕವು. ಪಿನ್ನು ತುಕ್ಕು ಹಿಡಿದು ಹಾಳೆಗಳು ಬಿಚ್ಚಿಕೊಂಡಿದ್ದವು. ನನಗೆ ಬೇರೆ ಗುರುಗಳಿಲ್ಲ. ಹಾಗಾಗಿ ನನ್ನ ವಾಕ್ಯ ಅಲ್ಲಲ್ಲಿ ಭಾಷಣದ ಹಾಗೆ ಏರಿದರೆ ಸಹಿಸಿಕೊಳ್ಳಿ.

ಮೊದಲು ಸಾಲು ಎಂದರೇನು ಎಂದು ಹೇಳಬೇಕು. ಊರಿಂದ ಊರಿಗೆ ಹಾಸಿದ ಒಂದೇ ದಾರಿಯ ಮೇಲೆ ತಾವಾಗಿಯೇ ಓಡುವ ಪುಟ್ಟ ಗೂಡುಗಳ ಮೆರವಣಿಗೆ ಅದು. ಒಂದು ಗೂಡಿಗೆ ಒಬ್ಬರು. ಹತ್ತಿ ಕೂತರೆ ಬಾಗಿಲು ಮುಚ್ಚಿಕೊಳ್ಳುತ್ತದೆ, ಒಳಗೆ ತಂಪು ಬರುತ್ತದೆ, ಬೇಕಾದ ಹಾಡು ಬರುತ್ತದೆ. ಅಪಘಾತ ಎಂಬ ಮಾತನ್ನು ನಾವು ಹಳೆಯ ಕಾಗದಗಳಲ್ಲಿ ಮಾತ್ರ ಓದಿದ್ದೇವೆ. ಕೈಗೂಸಾದರೆ ತಾಯಿಯ ಮಡಿಲಲ್ಲಿ ಕೂರಬಹುದು. ನಡೆಯಲು ಕಲಿತ ಮೇಲೆ ಮಗುವಿಗೂ ತನ್ನದೇ ಗೂಡು. ಮುಂದಿನ ಗೂಡಿನಲ್ಲಿ ತಾಯಿಯ ಬೆನ್ನು ಕಾಣುತ್ತದೆ; ಮಕ್ಕಳು ಗಾಜಿಗೆ ಹಣೆ ಒತ್ತಿಕೊಂಡು ಅದನ್ನೇ ನೋಡುತ್ತಾ ಹೋಗುತ್ತವೆ. ನಾನೂ ಹಾಗೆ ಬೆಳೆದವಳು. ರೊಟ್ಟಿ ಗೂಡಿನಲ್ಲೇ ತಿನ್ನುತ್ತೇವೆ, ಅಳುವುದಿದ್ದರೆ ಗೂಡಿನಲ್ಲೇ ಅಳುತ್ತೇವೆ. ಕೆಲಸದ ಕಡೆ ಇಳಿದಾಗಲೂ ಜನ ಒಬ್ಬರಿಂದೊಬ್ಬರು ದೂರ ನಿಂತೇ ಮಾತಾಡುವುದು ರೂಢಿಯಾಗಿಬಿಟ್ಟಿದೆ.

ಸಾಲು ಕರಿಕಟ್ಟಿ ಎಂಬ ಊರಿಗೆ ಹೋಗುವುದಿಲ್ಲ. ಮೊದಲು ಹೋಗುತ್ತಿತ್ತು. ಹತ್ತುವವರು ಕಡಿಮೆ ಎಂದು ಸಾಲುಮಂಡಳಿ ಆ ನಿಲುಗಡೆಯನ್ನು ಕಿತ್ತುಹಾಕಿತು. ಆಗ ನನ್ನ ಅಕ್ಕ ಶರಣಮ್ಮ ಅಲ್ಲಿಯ ಕಂಬಳಿ ನೇಯುವವರ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಕೊನೆಯ ಗೂಡು ಹೊರಟಾಗ ಅವಳು ಹತ್ತಲಿಲ್ಲ. ನಾನಿನ್ನೂ ಶಾಲೆಯ ಹುಡುಗಿ. ಅಂದಿನಿಂದ ಅಕ್ಕನನ್ನು ನೋಡಿರಲಿಲ್ಲ. ಅವಳನ್ನು ಮನೆಗೆ ಕರೆತರಬೇಕು ಎಂಬುದೊಂದೇ ನನ್ನ ತಲೆಯಲ್ಲಿತ್ತು. ಅದಕ್ಕೆ ಕೈಗಾಡಿ ಬೇಕು, ಅಂದರೆ ನೀವು ಕಾರು ಎನ್ನುವುದು. ಮಂಡಳಿ ಅದನ್ನು ನಿಷೇಧಿಸಿಲ್ಲ, ಸುಮ್ಮನೆ ಮರೆತಿದೆ.

ಹೊರವಾರ ಬೆಟಗೇರಿಯ ಬಯಲಲ್ಲಿ ಹಳೆಗಾಡಿಗಳ ಸಂತೆ ಸೇರುತ್ತದೆ. ಮೈ ನಿಮ್ಮ ಕಾಲದ ತಗಡು. ಇಂಜಿನ್ ಇದ್ದ ಜಾಗದಲ್ಲಿ ನಮ್ಮ ಬಿಸಿಲುಪೆಟ್ಟಿಗೆ, ಬಿಸಿಲನ್ನು ಕೂಡಿಟ್ಟುಕೊಂಡು ಗಾಲಿ ತಿರುಗಿಸುವ ಯಂತ್ರ. ಕೊಳ್ಳುವವರು ವಿರಳ, ಆದ್ದರಿಂದ ಬೆಲೆ ಅಗ್ಗ. ಗಟ್ಟಿಮುಟ್ಟಾದದ್ದು ಸಿಗುವುದು ಮಾತ್ರ ಕಷ್ಟ. ಕಾಲುಹಾಸು ಎತ್ತಿ ತುಕ್ಕು ನೋಡಬೇಕು. ಟೈರು ಒಂದೇ ಮಗ್ಗುಲಿಗೆ ಸವೆದಿದ್ದರೆ ಬಿಟ್ಟುಬಿಡಬೇಕು. ಇಷ್ಟು ನಿಮಗೂ ಗೊತ್ತಿರುತ್ತದೆ. ನಿಮಗೆ ಗೊತ್ತಿಲ್ಲದ ಒಂದು ಪದ್ಧತಿ ಇಲ್ಲಿದೆ, ಅದಕ್ಕೆ ಸುಮ್ಮನಸುತ್ತು ಎನ್ನುತ್ತಾರೆ. ಕೊಳ್ಳುವವರು ಗಾಡಿ ಓಡಿಸಬೇಕು, ಮಾರುವವರು ಪಕ್ಕದ ಸೀಟಿನಲ್ಲಿ ಕೂರಬೇಕು. ಬಯಲಿನ ಸುತ್ತ ಒಂದು ಸುತ್ತು ಮುಗಿಯುವವರೆಗೆ ಇಬ್ಬರೂ ಮಾತಾಡುವಂತಿಲ್ಲ. ಗಾಡಿಯ ಸಪ್ಪಳ ಕೇಳಬೇಕು. ಕಿವಿಗೆ ಬಿದ್ದ ದೋಷವನ್ನು ಮಾರುವವರು ಸರಿ ಮಾಡಿಕೊಡುತ್ತಾರೆ. ಬೀಳದ್ದು ಕೊಂಡವರ ಪಾಲು. ನಡುವೆ ಯಾರಾದರೂ ಬಾಯಿ ಬಿಟ್ಟರೆ ವ್ಯಾಪಾರ ಮುರಿಯಿತು.

ನಾನು ಬಾಯಿ ಬಿಟ್ಟೆ. ಒಂದಲ್ಲ, ಮೇಲಿಂದ ಮೇಲೆ ಹಲವು ಹೊರವಾರ. ಪಕ್ಕದಲ್ಲಿ ಕೈ ಚಾಚಿದರೆ ತಾಗುವಷ್ಟು ಹತ್ತಿರ ಒಬ್ಬ ಮನುಷ್ಯ ಕೂತಿದ್ದಾನೆ ಎಂಬುದನ್ನೇ ನನಗೆ ತಡೆಯಲಾಗುತ್ತಿರಲಿಲ್ಲ. ರಸ್ತೆ ಎಲ್ಲರ ಸ್ವತ್ತು ಎಂದು ಶುರುಮಾಡಿದರೆ ಕಿರುಹೊತ್ತಿಗೆಯ ಕೊನೆಯ ಪುಟದವರೆಗೆ ಹೋಗುತ್ತಿದ್ದೆ. ಫಕ್ಕೀರಪ್ಪ ಎಂಬ ವ್ಯಾಪಾರಿ ಅರ್ಧ ಸುತ್ತಿನಲ್ಲೇ ಬಾಗಿಲು ತೆರೆದ.

“ರಸ್ತೆ ಎಲ್ಲಾರ್ದು ಖರೇ ಯವ್ವಾ, ಗಾಡಿ ಮಾತ್ರ ನಂದು. ಇಳಿ!”

ಆಚೆ ನಿಂತವರು ನಕ್ಕರು. “ಇಕಿ ಬಾಯಿಗೆ ಗಾಲಿ ಹಚ್ಚಿದ್ರ ಸಾಕು, ಗಾಡಿ ಯಾಕ ಬೇಕ!” ಎಂದು ಒಬ್ಬ ಕೂಗಿದ. ನಾನೂ ನಕ್ಕೆ. ಮರುದಿನ ಸಾಲು ಹೊರಟು ಗೂಡಿನಲ್ಲಿ ಕೂತಾಗ ಮಾತ್ರ ನಗು ಬರಲಿಲ್ಲ.

ಕೊನೆಗೆ ಜೈಬುನ್ನಿಸಾ ನದಾಫ ಸಿಕ್ಕಳು. ಸಂತೆಯ ತುದಿಯಲ್ಲಿ ಅವಳದೊಂದೇ ಗಾಡಿ. ಬಿಳಿ ಬಣ್ಣ ಬೂದಿಯಾಗಿತ್ತು. ಹಿಂದಿನ ಗಾಜಿನ ಮೇಲೆ ನಿಮ್ಮ ಕಾಲದ ಅಂಟುಕಾಗದದಲ್ಲಿ ‘ಆಶೀರ್ವಾದ’ ಎಂಬುದಷ್ಟೇ ಉಳಿದಿತ್ತು, ಯಾರದೆಂಬುದು ಸುಲಿದುಹೋಗಿತ್ತು. ನನ್ನ ಸುದ್ದಿ ಅವಳ ಕಿವಿಗೂ ಬಿದ್ದಿತ್ತು. ಕೀಲಿ ಕೊಡದೆ ನೆಲದ ಮೇಲಿದ್ದ ಹಳೆಯ ಟೈರು ತೋರಿಸಿದಳು.

“ಕುಂದ್ರ ತಂಗಿ. ಹೊಟ್ಟ್ಯಾಗ ಏನೇನ್ ಐತಿ ಎಲ್ಲಾ ಇಲ್ಲೇ ಆಡಿ ಮುಗಿಸು. ನನಗೇನ್ ಅವಸರ ಇಲ್ಲ.”

ಆಡಿದೆ. ಸಾಲಿನ ಬಗ್ಗೆ, ಮಂಡಳಿಯ ಬಗ್ಗೆ, ಆಮೇಲೆ ಅಕ್ಕನ ಬಗ್ಗೆ, ಅಮ್ಮನ ಬೆನ್ನಿನ ಬಗ್ಗೆ. ಅವಳು ಶೇಂಗಾ ಸುಲಿಯುತ್ತಾ ಕೇಳಿದಳು. ನೆರಳು ಗಾಡಿಯ ಆ ಕಡೆಗೆ ಹೋಯಿತು. ನನ್ನಲ್ಲಿ ಮಾತು ಉಳಿಯಲಿಲ್ಲ.

“ಮುಗೀತೇನ? ಏಳು ಹಂಗಾರ.”

ಸುತ್ತು ಮುಗಿಸಿ ನಿಲ್ಲಿಸಿದಾಗ, “ಏನ್ ಕೇಳಿಸ್ತು?” ಎಂದಳು. ಎಡಕ್ಕೆ ತಿರುಗಿಸುವಾಗ ಮುಂದಿನ ಗಾಲಿಯಲ್ಲಿ ಕಟಕಟ ಸಪ್ಪಳ, ಬ್ರೇಕ್ ಒತ್ತಿದರೆ ಬಲಕ್ಕೆ ಎಳೆತ, ಎಂದೆ. “ಅಷ್ಟ ಅದರ ರೋಗ. ಮುಂದಿನ ಹೊರವಾರ ಬಾ, ಮಾಡಿಟ್ಟಿರ್ತೀನಿ” ಎಂದಳು. ಮಾಡಿಟ್ಟಿದ್ದಳು.

ಕರಿಕಟ್ಟಿಯ ರಸ್ತೆಯನ್ನು ಜಾಲಿ ನುಂಗಿದೆ. ಗಾಡಿಯ ಎರಡೂ ಮಗ್ಗುಲು ಗೀರಿಸಿಕೊಂಡು ಹೋದೆ. ಎಲ್ಲಿಯೂ ಅದು ಕೈಕೊಡಲಿಲ್ಲ. ಬಾವಿಯ ಹತ್ತಿರ ಸಪ್ಪಳ ಕೇಳಿ ಜನ ಓಡಿಬಂದರು. ಅವರ ನಡುವೆ ಅಕ್ಕನನ್ನು ಗುರುತಿಸಲು ನನಗೆ ತುಸು ಹೊತ್ತು ಬೇಕಾಯಿತು. ಅವಳಿಗೆ ಅಷ್ಟೂ ಬೇಕಾಗಲಿಲ್ಲ.

“ಗಂಗೀ! ಎಷ್ಟ್ ಉದ್ದ ಆಗೀಯಲ್ಲ! ಇದನ್ನ ನೀನ ಹೊಡ್ಕೊಂಡ್ ಬಂದಿ?”

ಪಕ್ಕದ ಬಾಗಿಲು ತೆರೆದೆ. ಕೂತಳು. ಗಾಜು ಇಳಿಸುವ ಹಿಡಿಯನ್ನು ಮಗುವಿನ ಹಾಗೆ ತಿರುವಿ ತಿರುವಿ ನಕ್ಕಳು. ಕೆರೆಯ ಏರಿಯವರೆಗೆ ಹೋಗಿ ಬಂದೆವು. ಅವಳನ್ನು ಒಪ್ಪಿಸಲು ದೊಡ್ಡ ಭಾಷಣ ಸಿದ್ಧಮಾಡಿಕೊಂಡಿದ್ದೆ, ಆಡಲಿಲ್ಲ. ಸುಮ್ಮನೆ ಓಡಿಸಿದ್ದರಿಂದ ಒಂದು ತಿಳಿಯಿತು. ಊರಿನಿಂದ ದೂರ ಹೋದಷ್ಟೂ ಅವಳ ಕೈ ಬಾಗಿಲನ್ನು ಬಿಗಿಯಾಗಿ ಹಿಡಿಯುತ್ತಿತ್ತು. ಮರಳಿ ಮನೆಗಳು ಕಂಡಾಗ ಕೈ ಸಡಿಲವಾಯಿತು. ಬಾವಿಯ ಹತ್ತಿರ ಅವಳೇ ಹೇಳಿದಳು.

“ನಾ ಬರಾಕ ಆಗೂದಿಲ್ಲವಾ. ಅಲ್ಲಿ ಬಂದ್ರ ಮತ್ತ ಗೂಡಿನ್ಯಾಗ ಕುಂದ್ರಬೇಕು. ಇಲ್ಲಿ ಮಂದಿ ಅದಾರ. ನೀನ ಇದ್ದುಬಿಡು.”

ಇರಬಹುದಿತ್ತು. ಆದರೆ ನಾನು ಅಲ್ಲೇ ಉಳಿದರೆ ಆ ರಸ್ತೆಯಲ್ಲಿ ಗಾಡಿ ಓಡುವುದು ನಿಲ್ಲುತ್ತದೆ, ಜಾಲಿ ಮತ್ತೆ ಮುಚ್ಚುತ್ತದೆ. ಬಂದುಹೋಗುವವಳು ನಾನೊಬ್ಬಳೇ ಆದರೂ ಅದು ರಸ್ತೆಯಲ್ಲ, ಬೇರೆಯವರೂ ಹತ್ತಬೇಕು. ಬುತ್ತಿ ಕಟ್ಟಿಸಿಕೊಂಡು ಹಿಂದಿರುಗಿದೆ. ಪಕ್ಕದ ಸೀಟಿನ ಮೇಲೆ ಬುತ್ತಿಯನ್ನೇ ಇಟ್ಟುಕೊಂಡಿದ್ದೆ.

ಈಗ ಪ್ರತಿ ಹೊರವಾರ ಈ ನಿಲುಗಡೆಯ ಮುಂದೆ ಗಾಡಿ ನಿಲ್ಲಿಸಿ ಕೂಗುತ್ತೇನೆ: ಕರಿಕಟ್ಟಿಗೆ ಯಾರು ಬರ್ತೀರಿ, ಜಾಗ ಐತಿ! ಸಾಲು ನಿಂತ ದಿನವಾದ್ದರಿಂದ ನಡೆದು ಹೋಗುವ ಜನ ನಿಂತು ನೋಡುತ್ತಾರೆ. ಕಳೆದ ಸಲ ಒಬ್ಬ ಹೆಂಗಸು ಹತ್ತಿರ ಬಂದು ಪಕ್ಕದ ಸೀಟನ್ನು ಮುಟ್ಟಿದಳು. ನನ್ನನ್ನೂ ಸೀಟನ್ನೂ ನೋಡಿ, “ಇಷ್ಟ್ ಹತ್ರ ಕುಂದ್ರೂದಾ?” ಎಂದು ಕೈ ಹಿಂತೆಗೆದುಕೊಂಡಳು. ಅವಳಿಗೆ ಹೆದರಿಕೆಯಾಗಿತ್ತು. ಮಂಡಳಿಯ ಮೇಲೆ ನನಗಿರುವ ಸಿಟ್ಟೆಲ್ಲ ಆ ಕ್ಷಣಕ್ಕೆ ಯಾವ ಉಪಯೋಗಕ್ಕೂ ಬರಲಿಲ್ಲ.

ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಮೊದಲ ಒಂಟಿ ಗೂಡು ನಿಮ್ಮೂರಿಗೆ ಬಂದಾಗ, ಇದು ಅಗ್ಗ, ಇದು ಕೆಡುವುದಿಲ್ಲ, ಎಳೆಯರಿಗೆ ಇದರಲ್ಲಿ ಅಪಾಯವಿಲ್ಲ ಎಂದು ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿರುವುದಿಲ್ಲ. ಆದರೂ ಬೇಡ ಎನ್ನಿ. ಅದಕ್ಕಿಂತ ದಾರಿಯಲ್ಲಿ ಕೆಟ್ಟು ನಿಲ್ಲುವ ಗಾಡಿಯನ್ನಾದರೂ ಕೊಳ್ಳಿ, ಇಳಿದು ತಳ್ಳುವುದಕ್ಕೆ ಇನ್ನೊಬ್ಬರು ಬೇಕಾಗಲಿ. ನೀವು ಬೇಡ ಎಂದದ್ದೇ ಆದರೆ ಮುಂದಿನದೆಲ್ಲ ಬೇರೆಯಾಗುತ್ತದೆ, ಬಹುಶಃ ನಾನು ಹುಟ್ಟುವುದೇ ಇಲ್ಲ. ಅದಕ್ಕೆ ನನ್ನ ಒಪ್ಪಿಗೆ ಇದೆ.

ಇವತ್ತೂ ಯಾರೂ ಹತ್ತಲಿಲ್ಲ. ಬಿಸಿಲು ಇಳಿಯುವುದರೊಳಗೆ ಕರಿಕಟ್ಟಿ ಮುಟ್ಟಬೇಕು. ಇನ್ನೊಂದು ಸಲ ಕೂಗಿ ನೋಡಿ ಹೊರಡುತ್ತೇನೆ.

ಗಂಗಾಂಬಿಕೆ ಕಮ್ಮಾರ