ಅಜ್ಜನ ಟೋಪಿ ತೆಗೆದ ದಿನ

ಕೊಲ್ಕಪಂಪ,
ಜುಲೈ ೧೯, ಭಾನುವಾರ

ಮುನಿಸು ಬಿಡದ ನನ್ನ ಪ್ರೀತಿಯ ಅಮ್ಮಾ,

ಮಂಡಿನೋವು ಹೇಗಿದೆ? ಅರೆಕಿಪಾ ಪಟ್ಟಣದ ಬಿಸಿಲು ಒಗ್ಗಿತೇ? ಚಿಕ್ಕಮ್ಮನ ಗ್ಯಾಸ್ ಒಲೆಯ ಸಾರು ಸಪ್ಪೆ ಎಂದು ಮುಖ ಕಿವುಚದೆ ಹೊಟ್ಟೆತುಂಬ ಉಣ್ಣುತ್ತಿದ್ದೀ ತಾನೇ? ಇಲ್ಲಿ ವರ್ಷವಿಡೀ ಉಳಿಯಲೆಂದು ಆಲೂಗಡ್ಡೆಯನ್ನು ಹಿಮಕ್ಕೆ ಹರಡಿ, ತುಳಿದು, ಒಣಗಿಸಿದ್ದೂ ಆಯಿತು. ನೀನು ಉಣ್ಣೆ ಕತ್ತರಿಸುತ್ತಿದ್ದ ಕಂದು ಅಲ್ಪಾಕಾ ಈಗಲೂ ನಿನ್ನ ಮಗ್ಗವನ್ನು ಮೂಸಿ ನೋಡಿ, ನೀನಿಲ್ಲವೆಂದು ನನ್ನತ್ತ ಉಗುಳಿ ಹೋಗುತ್ತದೆ.

ಈಗ ಸುದ್ದಿ ಕೇಳು. ಕಳೆದ ಆಗಸ್ಟಿನಲ್ಲಿ ನಮ್ಮೂರ ಮಮ್ಮಿ ಅಜ್ಜನನ್ನು ಹಬ್ಬಕ್ಕೆಂದು ಗುಹೆಯಿಂದ ಹೊತ್ತು ತಂದಾಗ, ಹರಿದ ಹೊದಿಕೆಗೆ ನೀನು ಹೊಲಿಗೆ ಹಾಕಿದೆಯಲ್ಲ, ಆಗ ನಿನ್ನ ಒಡಹುಟ್ಟಿದ ತೊರಿಬಿಯೊ ಮಾವನೇ ಊರೆದುರು ಕೂಗಾಡಿದ: “ಹೆಂಗಸಿನ ಕೈ ತಾಗಿಸಿಬಿಟ್ಟೆಯಲ್ಲೇ! ಗಂಡಸರ ಅಜ್ಜ ಕಣೇ ಅವನು!” ಅವನೇ ಬಾಗಿಲಿಗೆ ಬಂದು ಕರೆಯುವವರೆಗೆ ಊರಿಗೆ ಕಾಲಿಡುವುದಿಲ್ಲ ಎಂದು ನೀನು ಮರುದಿನವೇ ಬಸ್ಸು ಹತ್ತಿದೆ. ನೀನು ಹೋದಮೇಲೆ ಅಜ್ಜನಿಗೆ ಹುಳು ಬಿತ್ತು. ಇಂಕಾ ದೊರೆಗಳ ಕಾಲದ ಮಮ್ಮಿಗಳನ್ನು ಪರೀಕ್ಷಿಸುವ ಡಾಕ್ಟರ್ ಯೆನಿ ಬಂದಳು. ನಮ್ಮ ಕೆಚುವಾ ಮಾತೇ ಆಡುವ ಹುಡುಗಿ. ಒಂದು ನೂಲೂ ಬಿಚ್ಚಬಾರದೆಂದು ಮಾವ ಹಟ ಹಿಡಿದ. “ಬಿಚ್ಚೋದೇ ಬೇಡ ತಾತ, ಆಸ್ಪತ್ರೆಯ ಸ್ಕ್ಯಾನ್ ಯಂತ್ರ ಬಟ್ಟೆ ಮೇಲಿಂದಲೇ ಒಳಗಿರೋದನ್ನೆಲ್ಲ ತೋರಿಸುತ್ತೆ” ಎಂದಳು.

ಅದಕ್ಕೆ ಮಾವ ಒಪ್ಪಿದ ಮೇಲೆ ನಾನೂ ಅತ್ತೆಯೂ ಜೊತೆಗೆ ಹೊರಟೆವು. ಲಾರಿಯಲ್ಲಿ ದಾರಿಯುದ್ದಕ್ಕೂ ಮಾವ ಅಜ್ಜನನ್ನು ತಬ್ಬಿಕೊಂಡೇ ಕೂತಿದ್ದ. ಆಸ್ಪತ್ರೆ ಬಾಗಿಲಲ್ಲಿ ಜೋಳದ ಹೆಂಡ ಚೆಲ್ಲಿದ. ಕಾವಲಿನವನು “ಈಗಷ್ಟೇ ಒರೆಸಿದ್ದೆನಲ್ಲಯ್ಯಾ!” ಎಂದು ಕಿರುಚಿದರೆ, “ಭೂತಾಯಿಗೂ ಬಾಯಾರುತ್ತಪ್ಪ, ಅವಳು ಕುಡೀಲಿ, ಆಮೇಲೆ ಒರೆಸ್ಕೋ” ಎಂದ. ಒಳಗೆ ಅಜ್ಜನ ಟೋಪಿ ತೆಗೆದು, ಮೊಣಕಾಲು ಮಡಚಿ ಕೂತ ಆ ಗಂಟನ್ನು ಮೆಲ್ಲಗೆ ಒರಗಿಸಿ ಯಂತ್ರದ ದೊಡ್ಡ ಬಳೆಯೊಳಗೆ ತಳ್ಳಿದರು. ಯಂತ್ರದಿಂದ ಒಂದು ಹೆಣ್ಣು ದನಿ, “ಉಸಿರು ಬಿಗಿಹಿಡಿಯಿರಿ” ಎಂದಿತು. ಮಾವ ಗಾಜಿನ ಈಚೆಯಿಂದಲೇ, “ಐನೂರು ವರ್ಷದಿಂದ ಹಿಡಿದುಕೊಂಡೇ ಇದಾನಲ್ಲಮ್ಮ, ಇನ್ನೆಷ್ಟು ಹಿಡೀಬೇಕು?” ಎಂದು ಕೇಳಿದ. ಯೆನಿ ಕುರ್ಚಿಯಿಂದ ಬೀಳುವಷ್ಟು ನಕ್ಕಳು.

ಆಮೇಲೆ ನಗು ನಿಂತಿತು. ಪರದೆಯ ಮೇಲೆ ಬೆನ್ನೆಲುಬು, ಬೆರಳು, ಹಲ್ಲು ಎಲ್ಲ ಮೂಡಿದವು, ಅಮ್ಮಾ! ಹಲ್ಲೊಂದು ಹುಳುಕಾಗಿದೆ, ಪಾಪ. ಎದೆಯ ಮೇಲೆ ಉದ್ದನೆಯದೊಂದು ಬೆಳ್ಳಗೆ ಹೊಳೆಯಿತು. ಶಾಲಿನ ಪಿನ್ನು! ನಿನ್ನ ಎದೆಯ ಮೇಲೆ ಈಗ ಇದೆಯಲ್ಲ, ಅಂಥದೇ. ಯೆನಿ ಸೊಂಟದ ಮೂಳೆಯನ್ನು ತಿರುಗಿಸಿ ತಿರುಗಿಸಿ ನೋಡಿ, “ತಾತ, ಇವರು ನಿಮ್ಮ ಅಜ್ಜ ಅಲ್ಲ. ಅಜ್ಜಿ” ಎಂದಳು.

ಮಾವ ಅಜ್ಜನ ಟೋಪಿಯನ್ನು ಎದೆಗವಚಿಕೊಂಡ. ನಿನಗೆ ಗೊತ್ತಲ್ಲ, ಪ್ರತಿ ಆಗಸ್ಟಿನಲ್ಲಿ ಗಂಡಸರೆಲ್ಲ ನಮ್ಮನ್ನು ಹೊರಗಟ್ಟಿ, ಅಜ್ಜನೆದುರು ಕುಡಿದು, ಹೆಂಡಿರ ಮೇಲೆ ದೂರು ಹೇಳುತ್ತಾರೆ. ಮಾವನ ಬಾಯಿಂದ ಮೊದಲು ಬಂದದ್ದು ಅದೇ: “ಅಯ್ಯೋ ತಾಯೀ! ಎಲ್ಲಾನೂ ಕೇಳಿಸಿಕೊಂಡಳಲ್ಲೋ!” ಹಿಂದೆ ನಿಂತಿದ್ದ ಅತ್ತೆ ಬಿಡುತ್ತಾಳೆಯೇ? “ನಮ್ಮ ಕಡೆಯ ಸಾಕ್ಷಿ ಸಿಕ್ಕಿತು. ಮನೆಗೆ ನಡಿ, ಮಾತಾಡೋಣ” ಎಂದಳು. ಮಾವ ಪರದೆಯ ಹತ್ತಿರ ಹೋದ. ತಗ್ಗಿದ ದನಿಯಲ್ಲಿ, “ನೂರಾರು ವರ್ಷದಲ್ಲಿ ಅವಳನ್ನು ಮುಟ್ಟಿದ ಹೆಣ್ಣು ಕೈ ಅಂದರೆ ನನ್ನ ಒಡಹುಟ್ಟಿದ ಇಲಾರಿಯಾಳದೊಂದೇ. ಅದನ್ನೂ ನಾನು ಓಡಿಸಿಬಿಟ್ಟೆ” ಎಂದ.

ನಿನ್ನೆ ಊರ ಸಭೆ ಸೇರಿತು. ಆಗಸ್ಟಿನಲ್ಲಿ ಅಜ್ಜಿಯನ್ನು ಹೆಂಗಸರೇ ಹೊರುತ್ತೇವೆ. ಹೊಸ ಶಾಲು ನೀನೇ ನೇಯ್ದು ನೀನೇ ಹೊದಿಸಬೇಕೆಂದು ಎಲ್ಲರ ಮಾತು. ನೂಲಿಗೆ ಕೆಂಪು ಬಣ್ಣ ಹಾಕಿ ಒಣಗಲು ಬಿಟ್ಟಿದ್ದೇನೆ.

ಚಿಕ್ಕಮ್ಮನಿಗೆ ನನ್ನ ಅಪ್ಪುಗೆ. ನಮ್ಮ ಬೆಟ್ಟದೊಡೆಯ ನಿನ್ನ ಮಂಡಿಗಳನ್ನು ಕಾಯಲಿ.

ನಿನ್ನ ಮಗಳು,
ನಿಕಾಸಿಯಾ

ಮರೆತೆ: ಈ ಕಾಗದ ಅಂಚೆಯಲ್ಲಿ ಬಂದದ್ದಲ್ಲ. ಬಾಗಿಲು ತಟ್ಟಿ, ಇದನ್ನು ಚಿಕ್ಕಮ್ಮನ ಕೈಗಿತ್ತು, ಹೊರಗೆ ಟೋಪಿ ಕೈಯಲ್ಲಿ ಹಿಡಿದು ನಿಂತಿರುವವನು ತೊರಿಬಿಯೊ ಮಾವ. ನೀನು ಓದಿ ಮುಗಿಸುವವರೆಗೆ ಬಾಯಿ ಬಿಡುವುದಿಲ್ಲವೆಂದು ಅಜ್ಜಿಯ ಮೇಲೆ ಆಣೆ ಇಟ್ಟಿದ್ದಾನೆ. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದ ಜೀವ, ಒಳಗೆ ಕರೆ. ಸ್ವಲ್ಪ ಹೊತ್ತು ಕಾಯಿಸಿ ಕರೆ.