ಆಲೂಗೆಡ್ಡೆ ರಜೆ

ಚನ್ನರಾಯಪಟ್ಟಣ
೧೮-೯-೨೦೦೭, ಮಂಗಳವಾರ

ಪ್ರೀತಿಯ ಸಂಜೂ,

ನಿನ್ನ ಕಾಗದ ಗೌರಿ ಹಬ್ಬದ ಹಿಂದಿನ ದಿನ ಕೈಸೇರಿತು. ಲಡಾಖಿನ ಆ ಚಳಿಯಲ್ಲಿ ಹೇಗಿದ್ದೀಯೋ? ಬೆರಳು ಒಡೆದಿವೆ ಎಂದು ಬರೆದಿದ್ದೆ, ವಾಸಿಯಾಯಿತೇ? ಎಣ್ಣೆ ಸವರಿಕೊಂಡು ಮಲಗು. ಒದ್ದೆ ಕಾಲುಚೀಲದಲ್ಲಿ ಮಾತ್ರ ಇರಬೇಡ. ನೀವು ಮಿಲಿಟರಿಯವರು, ನಿಮಗೆ ಇದನ್ನೆಲ್ಲ ಹೇಳಿಕೊಡುವವರು ಇದ್ದೇ ಇರುತ್ತಾರೆ, ಆದರೂ ಅಕ್ಕ ಎಂದ ಮೇಲೆ ನಾನೂ ಒಂದು ಸಲ ಹೇಳಬೇಕು. ಇಲ್ಲಿ ಎಲ್ಲರೂ ಸೌಖ್ಯ. ನಿಮ್ಮ ಭಾವನಿಗೆ ಅರಕಲಗೂಡಿಗೆ ವರ್ಗವಾಗಿ, ದಿನಾ ಹೊಳೆನರಸೀಪುರದಲ್ಲಿ ಬಸ್ಸು ಬದಲಿಸಿ ಓಡಾಡುತ್ತಿದ್ದಾರೆ. ದಂಡಿಗನಹಳ್ಳಿಯಲ್ಲಿ ಅಪ್ಪ ಆಲೂಗೆಡ್ಡೆ ಕಿತ್ತು ಮುಗಿಸಿದರು. ಈ ಸಲ ರೋಗ ಅಷ್ಟಾಗಿ ಬೀಳಲಿಲ್ಲ.

‘ಇಲ್ಲಿ ಮೊದಲ ಹಿಮ ಬಿತ್ತು. ನೀವಿದ್ದ ಊರಿನಲ್ಲೂ ಹೀಗೇ ಬೀಳುತ್ತಿತ್ತಾ ಅಕ್ಕ?’ ಎಂದು ಕೇಳಿದ್ದೀಯ. ಆ ಊರಿನ ಬಗ್ಗೆ ನೀನು ಒಂದು ಮಾತು ಕೇಳಿದ್ದು ಇದೇ ಮೊದಲು. ಕೇಳಿದ್ದಕ್ಕೆ ಬರೆಯುತ್ತೇನೆ, ಇದ್ದದ್ದು ಇದ್ದ ಹಾಗೆ. ಈ ಕಾಗದದಲ್ಲಿ ಅವ್ವ ಅಂದರೆ ನಮ್ಮನ್ನು ಹೆತ್ತ ಅವ್ವ. ನೀನು ಅವ್ವ ಎನ್ನುವುದು ಚಿಕ್ಕಲಕ್ಷ್ಮಮ್ಮಜ್ಜಿಯನ್ನು, ಅದಕ್ಕೇ ಹೇಳಿದೆ.

ಅಪ್ಪ ಆಲೂಗೆಡ್ಡೆ ಬಿತ್ತನೆಯ ಸಂಶೋಧನೆಗೆಂದು ಅಮೆರಿಕದ ಮೇನ್ ರಾಜ್ಯಕ್ಕೆ ಹೊರಟಾಗ ನನಗೆ ಐದು ವರ್ಷ, ನೀನು ಕೈಗೂಸು. ನಿನಗೆ ಎದೆಯಲ್ಲಿ ಕಫ ಕಟ್ಟಿ ಆಗತಾನೆ ಆಸ್ಪತ್ರೆಯಿಂದ ಬಂದಿದ್ದೆ. ಅಜ್ಜಿ, “ಅಂಥಾ ಚಳೀಗೆ ಕೂಸ್ನ ತಕ್ಕೊಂಡೋಗಿ ಸಾಯಿಸ್ತೀರಾ? ಇಲ್ಲೇ ಬುಡಿ. ವರ್ಸ ತುಂಬ್ಲಿ, ಆಮೇಕೆ ಬಂದು ಕರ್ಕೊಂಡೋಗಿ” ಎಂದು ನಿನ್ನನ್ನು ಎತ್ತಿಕೊಂಡು ಒಳಗೆ ಹೋದಳು. ಎರಡು ವರ್ಷದ ಕೆಲಸ ಬೆಳೆದು ಎಂಟು ವರ್ಷವಾಯಿತು.

ನಾನು ಬೆಳೆದ ಆ ಊರು ಶ್ರವಣಬೆಳಗೊಳದಷ್ಟೂ ಇರಲಿಲ್ಲ. ಇದ್ದದ್ದು ಒಂದೇ ರಸ್ತೆ. ಒಂದು ತುದಿಗೆ ಚರ್ಚು, ಇನ್ನೊಂದು ತುದಿಗೆ ಅರ್ಧ ನೆಲದೊಳಗೆ ಹೂತ ಆಲೂಗೆಡ್ಡೆ ಉಗ್ರಾಣಗಳು, ನಡುವೆ ನನ್ನ ಸ್ಕೂಲು. ನವೆಂಬರಿನಲ್ಲಿ ಬಿದ್ದ ಹಿಮ ಯುಗಾದಿ ಕಳೆದರೂ ಕರಗುತ್ತಿರಲಿಲ್ಲ. ಬಾಗಿಲು ತೆರೆಯಬೇಕಾದರೆ ಅಪ್ಪ ಮೊದಲು ಸಲಿಕೆ ಹಿಡಿಯಬೇಕಿತ್ತು. ಸ್ಕೂಲಿನಲ್ಲಿ ನನ್ನ ಹೆಸರು ಯಾರ ಬಾಯಲ್ಲೂ ಸರಿಯಾಗಿ ಹೊರಡಲಿಲ್ಲ, ನಾನೂ ತಿದ್ದಲು ಹೋಗಲಿಲ್ಲ. ಪಕ್ಕದ ಹೊಲದ ಒಡತಿ ಮಿಸೆಸ್ ತಿಬೊಡೊ ಎಂಬ ಮುದುಕಿ ಅವರ ಕಡೆಯ ದೋಸೆಯಂಥದ್ದು ಹುಯ್ಯಲೆಂದು ಬೂದು ಬಣ್ಣದ ಒಂದು ಹಿಟ್ಟು ಕೊಡುತ್ತಿದ್ದಳು. ಅವ್ವ ಒಮ್ಮೆ ಅದರಲ್ಲಿ ಮುದ್ದೆ ತೊಳಸಿದಳು. ಅದು ಕೋಲಿಗೆ ಅಂಟಿಕೊಂಡದ್ದು ಬಿಡಲೇ ಇಲ್ಲ. ಅಪ್ಪ ನಕ್ಕರು, ಅವ್ವ ಎರಡು ದಿನ ಅವರೊಂದಿಗೆ ಮಾತು ಬಿಟ್ಟಳು.

ಮಿಸೆಸ್ ತಿಬೊಡೊಗೆ ಲೂಕ್ ಎಂಬ ಮೊಮ್ಮಗನಿದ್ದ, ನಿನ್ನ ವಾರಿಗೆಯವನು. ಅವ್ವ ಅವನನ್ನು ಗೋಡೆಗೆ ನಿಲ್ಲಿಸಿ, “ನಮ್ ಸಂಜು ಇಷ್ಟುದ್ದ ಆಗಿರ್ತಾನೆ ಕಣೆ” ಎಂದು ಆ ಅಳತೆಗೆ ನಿನಗೆ ಸ್ವೆಟರ್ ಹೆಣೆಯುತ್ತಿದ್ದಳು. ನೀನು ಅದನ್ನು ಹಾಕಿಕೊಂಡ ಫೋಟೋ ಊರಿಂದ ಬಂತು. ತೋಳು ನಿನ್ನ ಮಂಡಿಯವರೆಗೆ ಇಳಿದಿತ್ತು. ಅವ್ವ ನಗಲಿಲ್ಲ. ಮುಂದಿನ ಸಲ ಒಂದು ಗೇಣು ಕಮ್ಮಿ ಮಾಡಿದಳು.

ಅಲ್ಲಿ ಆಲೂಗೆಡ್ಡೆ ಕೀಳುವ ಕಾಲಕ್ಕೆ ಸ್ಕೂಲಿಗೇ ರಜೆ. ಮಕ್ಕಳೆಲ್ಲ ಹೊಲಕ್ಕಿಳಿದು ಬುಟ್ಟಿಗೆ ಆರಿಸಿ ಪೀಪಾಯಿಗೆ ಸುರಿಯಬೇಕು. ನಾನು ಹೋದೆ, ನನ್ನ ಹಿಂದೆ ಅವ್ವನೂ ಬಂದಳು. ಸೀರೆಯ ಮೇಲೆ ಅಪ್ಪನ ಕೋಟು ಹಾಕಿಕೊಂಡು, ಮಕ್ಕಳ ಸಾಲಿನಲ್ಲಿ ಬಗ್ಗಿ ಆರಿಸುತ್ತಿದ್ದ ದೊಡ್ಡ ಹೆಂಗಸು ಅವಳೊಬ್ಬಳೇ. ನನ್ನ ಕ್ಲಾಸಿನವರು ನೋಡುತ್ತಾರೆಂದು ನಾನು ಬೇರೆ ಸಾಲಿಗೆ ಹೋಗುತ್ತಿದ್ದೆ. ಅಪ್ಪನ ಸಂಬಳ ಮನೆಗೇ ಸರಿಹೋಗುತ್ತಿತ್ತು. ವಿಮಾನದ ಟಿಕೆಟ್ಟಿಗೆ ಅವ್ವ ದುಡಿದದ್ದು ಆ ಹೊಲದಲ್ಲಿ. ಮೂರು ವರ್ಷದ ಆಲೂಗೆಡ್ಡೆ ರಜೆ ಹಾಗೆ ದುಡಿದು, ತೊಂಬತ್ತೊಂದರಲ್ಲಿ ಅವ್ವ ಊರಿಗೆ ಬಂದಳು. ನೋಡಿಕೊಂಡು ಹೋಗಲು ಬಂದಿದ್ದಳು ಎಂದು ನೀನು ತಿಳಿದಿದ್ದೀಯ. ನಿನ್ನನ್ನು ಕರೆದೊಯ್ಯಲು ಬಂದಿದ್ದಳು. ನಿನ್ನ ಕಾಗದಪತ್ರವೆಲ್ಲ ಆಗಿತ್ತು, ಲೂಕ್‌ನ ಹಳೆಯ ಮಂಚ ನನ್ನ ಕೋಣೆಗೆ ಬಂದಿತ್ತು.

ಆಮೇಲಿನದನ್ನು ನನಗೆ ಹೇಳಿದವಳು ಅಜ್ಜಿ. ನಿನಗಾಗ ನಾಲ್ಕು ವರ್ಷ. ಒಂದು ತಿಂಗಳು ನೀನು ಅವ್ವನ ಕೈತುತ್ತು ತಿನ್ನಲಿಲ್ಲ. ಅವಳೆದುರಿಗೇ ಅಜ್ಜಿಯನ್ನು, “ಅವ್ವಾ, ಈ ಯಮ್ಮ ಯಾವಾಗ ಓಯ್ತದೆ?” ಎಂದು ಕೇಳಿದೆ. ಹೊರಡುವ ಹಿಂದಿನ ದಿನ ರಾಗಿ ಹೊಲದೊಳಗೆ ಓಡಿಹೋಗಿ ಅಡಗಿಕೊಂಡೆ. ಹುಡುಕಿ ತರುವಷ್ಟರಲ್ಲಿ ನಿನಗೆ ಮೈ ಸುಡುವ ಜ್ವರ. ಅಜ್ಜಿಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದೇ ಮಲಗಿದ್ದೆ. ಅವ್ವ ಆ ಮುಷ್ಟಿಯನ್ನು ನೋಡುತ್ತಾ ಕೂತಿದ್ದು, “ಬ್ಯಾಡ ಬುಡಿ ಅತ್ತೆ. ಈಗ ಕಿತ್ಕೊಂಡೋದ್ರೆ ಮಗ ಉಳಿಯಾಕಿಲ್ಲ. ನಿಮ್ ತಾವ್ಲೇ ಇರ್ಲಿ” ಎಂದಳಂತೆ.

ಅವ್ವ ವಾಪಸು ಬಂದ ದಿನ ಅಲ್ಲಿ ನಾನು ಬಾಗಿಲಲ್ಲೇ ಕಾದಿದ್ದೆ. “ಸಂಜು ಎಲ್ಲವ್ವ?” ಎಂದೆ. “ಬರ್ನಿಲ್ಲ ಕಣವ್ವ” ಎಂದು ಪೆಟ್ಟಿಗೆಯಿಂದ ರಾಗಿಹಿಟ್ಟು ತೆಗೆದಿಟ್ಟಳು. ಮಿಸೆಸ್ ತಿಬೊಡೊ ಬಂದು ಕೇಳಿದ್ದಕ್ಕೆ ತನಗೆ ಬರುವಷ್ಟು ಇಂಗ್ಲಿಷಿನಲ್ಲಿ, “ಹಿ ಹ್ಯಾಪಿ ದೇರ್” ಎಂದಳು. ಆ ಮುದುಕಿ ಅವ್ವನ ಪಕ್ಕದಲ್ಲಿ ಕೂತು ಎರಡು ಲೋಟ ಕಾಫಿ ಕುಡಿದು ಹೋದಳು. ಮುಂದಿನ ವರ್ಷದಿಂದ ಅವ್ವ ಹೊಲಕ್ಕೆ ಬರಲಿಲ್ಲ. ಸ್ವೆಟರ್ ಮಾತ್ರ ಹೆಣೆಯುತ್ತಲೇ ಇದ್ದಳು.

ತೊಂಬತ್ತೈದರಲ್ಲಿ ನಾವೆಲ್ಲ ವಾಪಸಾದದ್ದು ನಿನಗೇ ನೆನಪಿರುತ್ತದೆ. ನೀನು ಚೊಂಬಿನಲ್ಲಿ ನೀರು ತಂದು ಅವ್ವನ ಮುಂದೆ ಹಿಡಿದು, “ಬನ್ನಿ, ನೀರು ಕುಡೀರಿ” ಎಂದೆ. ನೆಂಟರಿಗೆ ಹೇಳುವ ಹಾಗೆ. ಅಜ್ಜಿಗೆ ‘ಬಾ, ಹೋಗು’ ಎನ್ನುವವನು ಅವ್ವನಿಗೆ ಇವತ್ತಿಗೂ ‘ಬನ್ನಿ, ಹೋಗಿ’ ಎನ್ನುತ್ತೀಯ. ಯಾರ ತಪ್ಪು ಎಂದು ಹುಡುಕಲು ನಾನು ಇದನ್ನು ಬರೆಯುತ್ತಿಲ್ಲ. ಹಿಮ ಹೀಗೇ ಬೀಳುತ್ತಿತ್ತಾ ಎಂದು ಕೇಳಿದೆಯಲ್ಲ, ಹೌದು, ಹೀಗೇ ಬೀಳುತ್ತಿತ್ತು.

ಅಜ್ಜಿಯ, ಅಪ್ಪನ ಆಶೀರ್ವಾದ. ನಿನ್ನ ಜೊತೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸು. ರಜೆ ಮಂಜೂರಾದರೆ ಮೊದಲೇ ಬರೆ.

ನಿನ್ನ ಅಕ್ಕ,
ರೂಪ

ತಾ.ಕ.: ಪಾಠ ಮಾಡಲು ಸ್ಕೂಲಿಗೆ ಹೊರಡುವ ಹೊತ್ತಾಯಿತು, ಬೇಗ ಬರೆಯುತ್ತಿದ್ದೇನೆ. ಎಲ್ಲರೂ ಸೌಖ್ಯ ಎಂದದ್ದು ಪೂರ್ತಿ ನಿಜವಲ್ಲ. ಅವ್ವನ ಗಂಟಲಲ್ಲಿ ಗಂಟು ಎದ್ದಿದೆ. ದಸರಾ ಕಳೆದ ಮೇಲೆ ಹಾಸನದಲ್ಲಿ ಆಪರೇಷನ್. ಜೀವಕ್ಕೇನೂ ಭಯವಿಲ್ಲ, ಆದರೆ ದನಿ ಹೋದರೂ ಹೋಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದಾರೆ. “ಅವನ್ಗೆ ಬರೀಬ್ಯಾಡ ಕಣೆ, ಅಷ್ಟ್ ದೂರ ಒಬ್ನೇ ಅವ್ನೆ” ಎಂದಿದ್ದಾಳೆ. ನೀನು ಭಾನುವಾರ ದಂಡಿಗನಹಳ್ಳಿಯ ಮನೆಗೆ ಫೋನು ಮಾಡಿದಾಗ ಅವಳು ಹಲೋ ಎಂದ ಕೂಡಲೇ “ಅಕ್ಕನಿಗೆ ಕೊಡಿ” ಎನ್ನುತ್ತೀಯ. ಇನ್ನು ದಸರಾವರೆಗೂ ಭಾನುವಾರ ನಾನು ದಂಡಿಗನಹಳ್ಳಿಗೆ ಹೋಗುವುದಿಲ್ಲ. ಆ ಹೊತ್ತಿಗೆ ಹೊಲದ ಕಡೆ ಹೋಗಿರಿ ಎಂದು ಅಪ್ಪನಿಗೂ ಹೇಳಿದ್ದೇನೆ. ಅಜ್ಜಿಗೆ ಕಿವಿ ಕೇಳುವುದಿಲ್ಲ. ಫೋನು ಅವ್ವನೇ ಎತ್ತುತ್ತಾಳೆ.